ಭಾರತಮ್ಮನ ಕೈಯಲ್ಲಿ ತೆರೆದ ಪೆಟ್ಟಿಗೆ

ಯಲ್ದೂರಿನ ಗ್ರಂಥಾಲಯ ನೋಡಿಕೊಳ್ಳುವ ಮುನಿಕೃಷ್ಣನ ಬ್ಲಾಗಿನಲ್ಲಿ ನೂರ ನಲವತ್ತಮೂರು ಬರಹಗಳಿದ್ದವು. ಪ್ರತಿಯೊಂದರ ಕೆಳಗೂ ‘ಪ್ರತಿಕ್ರಿಯೆಗಳು: 0’ ಎಂದಿತ್ತು. ಆ ಸೊನ್ನೆಗಳನ್ನು ಸಾಲಾಗಿ ಪೋಣಿಸಿದ್ದರೆ ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗಿ, ದೋಸೆ ತಿಂದು, ವಾಪಸು ಬರುವಷ್ಟು ಉದ್ದದ ಸರವಾಗುತ್ತಿತ್ತು. ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ಬೇಕಾದರೆ ದೋಸೆಯನ್ನು ಬಿಟ್ಟುಬಿಡಿ.

ಬರೆಯುವವನ ಪಾಡೇ ವಿಚಿತ್ರ. ಬಾವಿಗೆ ಕಲ್ಲು ಹಾಕಿದವನು ಕಿವಿಗೊಟ್ಟು ನಿಲ್ಲುತ್ತಾನಲ್ಲ, ಹಾಗೆ. ಹೊಗಳಿಕೆ ಬೇಡ, ‘ಡುಬ್’ ಎಂದರೆ ಸಾಕು. ಮುನಿಕೃಷ್ಣ ಆರು ವರ್ಷದಿಂದ ಕಲ್ಲು ಹಾಕುತ್ತಲೇ ಇದ್ದ. ಬಾವಿಗೆ ತಳವೇ ಇದ್ದಂತಿರಲಿಲ್ಲ.

ಆ ದಿನ ಬೆಳಿಗ್ಗೆ ಆಂಜಿನಪ್ಪನ ಟೀ ಅಂಗಡಿಯಲ್ಲಿ ಮಾವಿನ ಮಂಡಿಯ ಗುಮಾಸ್ತ ಶಿವಕುಮಾರ್ ಬನ್ನು ಅದ್ದುತ್ತಾ ಕೆಣಕಿದ.

“ಏನ್ಲಾ ಮುನಿಕೃಷ್ಣ, ತೋಪಲ್ಲಿ ಕಾವಲಿನೋನು ಕೂಗಿದ್ರೆ ಕೋತಿಯಾದ್ರೂ ತಿರುಗಿ ನೋಡ್ತದೆ. ನಿನ್ ಬ್ಲಾಗಿಗೆ ಅದೂ ಇಲ್ವಲ್ಲೋ!”

“ಜನ ಓದ್ತಾರೆ ಕಣೋ. ಆದ್ರೆ ಆ ಹಳೇ ಪ್ರತಿಕ್ರಿಯೆ ಪೆಟ್ಟಿಗೇಲಿ ಒಂದು ಮಾತು ಬರೀಬೇಕಂದ್ರೆ ಇಮೇಲ್ ಕೇಳ್ತದೆ, ಪಾಸ್‌ವರ್ಡ್ ಕೇಳ್ತದೆ, ಆಮೇಲೆ ‘ನೀನು ಮನುಷ್ಯನೇನಾ’ ಅಂತ ಕೇಳ್ತದೆ. ಮರ್ಯಾದಸ್ಥರು ಯಾರು ನಿಲ್ತಾರೆ ಅಲ್ಲಿ? ಇವತ್ತು ಬೇರೆ ಕಂಪನಿಯೋರ ಪೆಟ್ಟಿಗೆ ಹಾಕಿಸ್ತೀನಿ. ಹೆಸರು ಹಾಕು, ಬರಿ, ಅಷ್ಟೇ.”

“ಆಗ್ಲೂ ಯಾರೂ ಬರೀಲಿಲ್ಲ ಅಂದ್ರೆ?” ಆಂಜಿನಪ್ಪ ಟೀ ಸೋಸುವುದನ್ನು ನಿಲ್ಲಿಸಿ ಕೇಳಿದ.

“ದೀಪ ಹಚ್ಚೋ ಹೊತ್ತಿಗೆ ಒಂದೇ ಒಂದು ಮಾತು ಬೀಳ್ದಿದ್ರೆ, ಇಲ್ಲೇ, ನಿಮ್ಮೆಲ್ಲರ ಮುಂದೆ ಬ್ಲಾಗನ್ನೇ ಅಳಿಸಿಬಿಡ್ತೀನಿ!”

ಮಾತು ಬಾಯಿಂದ ಬಿದ್ದಾಗ ಬನ್ನಿನ ಚೂರಿನಷ್ಟಿತ್ತು. ಅವನು ಶ್ರೀನಿವಾಸಪುರದ ಬಸ್ಸು ಹತ್ತುವಷ್ಟರಲ್ಲಿ ಅಂತರಗಂಗೆ ಬೆಟ್ಟದಷ್ಟಾಗಿತ್ತು.

ಶ್ರೀನಿವಾಸಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮೇಘನ ಹೊಸ ಪೆಟ್ಟಿಗೆಯ ಕೋಡ್ ತೆಗೆದುಕೊಟ್ಟಳು. “ಸಾರ್, ಇದನ್ನ ನಿಮ್ ಬ್ಲಾಗಿನ ಒಳಗೆ ಅಂಟಿಸ್ಬೇಕು. ನಾನೇ ಮಾಡ್ಲಾ?” ಎಂದಳು. “ಬೇಡಮ್ಮ, ಆರು ವರ್ಷದಿಂದ ನಂದೇ ಮನೆ” ಎಂದು ಮುನಿಕೃಷ್ಣ ತಾನೇ ಅಂಟಿಸಿದ. ಮೊದಲ ಸಲ ಬರಹಗಳೆಲ್ಲ ಮಾಯವಾಗಿ ಪೆಟ್ಟಿಗೆ ಮಾತ್ರ ಉಳಿಯಿತು. ಎರಡನೆಯ ಸಲ ಪ್ರತಿ ಸಾಲಿನ ಕೆಳಗೂ ಒಂದೊಂದು ಪೆಟ್ಟಿಗೆ ಬಂದು, ಪುಟವು ಟೊಮೆಟೊ ಮಾರುಕಟ್ಟೆಯ ಕ್ರೇಟುಗಳ ರಾಶಿಯಂತೆ ಕಂಡಿತು. ಮೂರನೆಯ ಸಲ ಮೇಘನ ಅವನ ಕೈಯಿಂದ ಮೌಸ್ ಕಿತ್ತುಕೊಂಡಳು.

“ಆಯ್ತು ಸಾರ್. ಇನ್ನು ಫೋನ್ ನಂಬರ್ ಹಾಕಿ, ಬರೋ ಓಟಿಪಿ ಕೊಟ್ಟು, ಕೊನೇ ಗುಂಡಿ ಒತ್ತಿದ್ರೆ ಪೆಟ್ಟಿಗೆ ತೆರ್ಕೊಳ್ತದೆ.”

ಒತ್ತಬೇಕು, ಅಷ್ಟರಲ್ಲಿ ಆಂಜಿನಪ್ಪನ ಫೋನು. “ಲೇ, ನೀನೇ ಒತ್ಬಿಟ್ಟೀಯ ಮತ್ತೆ! ನಿನ್ ಕೈ ಎಂಥದ್ದು ಅಂತ ಊರಿಗೇ ಗೊತ್ತು. ನೀನು ಬೀಗ ತೆಗೆದ್ ದಿನಾನೇ ಗ್ರಂಥಾಲಯದ ಸೂರು ಸೋರ್ತು. ಭಾರತಮ್ಮನ ಕೈಲಿ ಒತ್ತಿಸು!”

ಮುನಿಕೃಷ್ಣನ ಬೆರಳು ಗಾಳಿಯಲ್ಲೇ ನಿಂತಿತು. ನಮ್ಮ ಸೀಮೆಯಲ್ಲಿ ಯಾವುದನ್ನೂ ಯಾರದೋ ಕೈಯಲ್ಲಿ ಶುರು ಮಾಡುವುದಿಲ್ಲ. ಹಿಪ್ಪುನೇರಳೆ ಕಡ್ಡಿ ನೆಡುವುದಿರಲಿ, ಮಾವಿನ ಮೊದಲ ಬುಟ್ಟಿ ಇಳಿಸುವುದಿರಲಿ, ಕೈಗುಣ ಇರುವವರೇ ಬೇಕು. ಯಲ್ದೂರಿನಲ್ಲಿ ಅಂಥ ಕೈ ಭಾರತಮ್ಮನದು. ಆಕೆ ಕಾಯಿ ಒಡೆದ ಒಂದು ಬೋರ್‌ವೆಲ್ಲಿನ ನೀರು ಉಕ್ಕಿ ಆಂಧ್ರದ ಗಡಿ ದಾಟಿತಂತೆ. ಅಲ್ಲಿಯವರು ತೆಲುಗಿನಲ್ಲಿ ‘ಚಾಲು’, ಸಾಕು, ಎಂದು ಕೈಮುಗಿದು ವಾಪಸು ಕಳಿಸಿದರಂತೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ಆಣೆ ಮಾಡಬಲ್ಲೆ.

ಹನ್ನೊಂದು ಗಂಟೆಗೆ ಭಾರತಮ್ಮನ ಜಗಲಿ ತುಂಬಿತ್ತು. ಎಪ್ಪತ್ತು ದಾಟಿದ, ಅಕ್ಷರ ಬಾರದ ಆ ಮುದುಕಿ ಕೈಕಾಲು ತೊಳೆದು ಬಂದು ಕೂತರು.

“ಏಮಿರಾ ನಾಯನಾ, ಯಾರ್ ಫೋನಲ್ಲಿ ಒತ್ತೋದು?”

“ನಂದ್ರಲ್ಲೇ ಒತ್ತಿ ಭಾರತಕ್ಕ.”

“ಹಸು ನಿಂದು, ಚೊಂಬು ನಿಂದು, ಕೈ ನಂದು ಅಂದ್ರೆ ಕೈಗುಣ ಹೆಂಗೋ ಬರ್ತದೆ? ಅನಿತ, ನನ್ ಫೋನ್ ತಗೊಂಬಾರೇ.”

ಆ ತರ್ಕಕ್ಕೆ ಜಗಲಿಯೆಲ್ಲ ತಲೆದೂಗಿತು. ಸೊಸೆ ಅನಿತ ಫೋನ್ ತಂದಳು. ಭಾರತಮ್ಮನ ನಂಬರ್ ಹಾಕಿದರು, ಓಟಿಪಿ ಬಂತು. ಇಂಗ್ಲಿಷಿನಲ್ಲಿ ಮೂರು ಪ್ರಶ್ನೆಗಳು ಬಂದವು. ಭೂಮಿಯ ಮೇಲೆ ಯಾರೂ ಓದದ ಸಾಹಿತ್ಯ ಅದೊಂದೇ ಇರಬೇಕು. ಅನಿತ ಮೂರಕ್ಕೂ ಹೂಂ ಒತ್ತಿದಳು. ಭಾರತಮ್ಮ ಫೋನಿಗೆ ಕುಂಕುಮವಿಟ್ಟು, ಕಣ್ಣು ಮುಚ್ಚಿ, ಕೊನೆಯ ಗುಂಡಿ ಒತ್ತಿದರು. ಪೆಟ್ಟಿಗೆ ತೆರೆಯಿತು. ಜನ ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಫೋನಿಗೆ ಬಾಗಿದರು.

ಮಧ್ಯಾಹ್ನವಾದರೂ ಸೊನ್ನೆ ಕದಲಲಿಲ್ಲ.

“ಬರೀರೋ ಅಂದ್ರೆ...” ಎಂದು ಮುನಿಕೃಷ್ಣ ಟೀ ಅಂಗಡಿಗೆ ಬಂದರೆ, ಆಂಜಿನಪ್ಪ ಸೌಟು ಹಿಡಿದೇ ಹೊರಬಂದ.

“ಬರ್ದಿದ್ದೀನಿ ಕಣಯ್ಯ! ‘ಪರ್ವಾಗಿಲ್ಲ’ ಅಂತ. ಹೊಗಳ್ಲಿಲ್ಲ ಅಂತ ಅಳಿಸ್ಬಿಟ್ಯಾ?”

“ನಂದು ‘ಸೂಪರ್’ ಅಂತಿತ್ತು, ಅದೂ ಇಲ್ಲ,” ಎಂದ ಶಿವಕುಮಾರ್. “ನಮ್ ಮಾತು ನಿಂಗೆ ಬೇಕಿಲ್ಲ ಅನ್ನು. ಏನ್ ದೊಡ್ಡ ಮನುಷ್ಯ ಆಗೋದ್ಯೋ!”

ಓದುವವರಿಲ್ಲ ಎಂಬ ಅವಮಾನವನ್ನಾದರೂ ಅವನು ಆರು ವರ್ಷ ಸಾಕಿ ಅಭ್ಯಾಸ ಮಾಡಿಕೊಂಡಿದ್ದ. ಜಂಬದವನೆಂಬ ಈ ಅವಮಾನ ಹೊಸ ಚಪ್ಪಲಿಯಂತೆ ಕಚ್ಚಿತು. ಅವನು ಬೆವರುತ್ತಾ ಮೇಘನಳಿಗೆ ಫೋನ್ ಮಾಡಿದ.

“ಸಾರ್, ಪೆಟ್ಟಿಗೆ ಯಜಮಾನ್ರು ಒಪ್ಪಿದ್ ಮೇಲೇನೇ ಮಾತು ಕಾಣಿಸೋದು. ಹಂಗೆ ಸೆಟ್ ಆಗಿದೆ. ಯಾರ್ ನಂಬರ್ ಕೊಟ್ರಿ?”

ಮುನಿಕೃಷ್ಣ ಓಡಿದ. ಅವನ ಓಟಕ್ಕೆ ಎದ್ದ ಧೂಳು ತಾಯಲೂರಿನಲ್ಲಿ ಒಣಗಲು ಹಾಕಿದ್ದ ಬಟ್ಟೆಗಳ ಮೇಲೆ ಕೂತಿತೆಂದು ಹೇಳುತ್ತಾರೆ.

ಭಾರತಮ್ಮ ಜಗಲಿಯ ಕಂಬಕ್ಕೊರಗಿ ಕಾಲು ಚಾಚಿದ್ದರು. ಪಕ್ಕದಲ್ಲಿ ಅನಿತ ಫೋನ್ ಹಿಡಿದು ಜೋರಾಗಿ ಓದುತ್ತಿದ್ದಳು.

“ಭಾರತಕ್ಕ, ಪೆಟ್ಟಿಗೇಲಿ ಬಂದಿರೋ ಮಾತು...”

“ಅರವತ್ತೊಂದು ಬಂದವೆ. ಒಂದನ್ನೂ ಒಳಗೆ ಬಿಟ್ಟಿಲ್ಲ.”

“ಯಾಕಕ್ಕ?”

“ನಿಂದೊಂದು ಬರಹ ಓದೋಕೆ ಅನಿತಂಗೆ ಕಾಲು ಗಂಟೆ ಬೇಕಾಯ್ತು. ಪೆಟ್ಟಿಗೆ ತೆಗೆದ್ ನಿಮಿಷಕ್ಕೇ ಆ ಶಿವಕುಮಾರ ಸೂಪರ್ ಅಂತಾನಲ್ಲ, ಓದಿದ್ನೇನೋ ಅವ್ನು? ಓದ್ದೇ ಹೊಗಳೋದು ಸುಳ್ಳು ಸಾಕ್ಷಿ ಹೇಳ್ದಂಗೆ. ನನ್ ಕೈಲಿ ತೆಗೆದ ಪೆಟ್ಟಿಗೇಲಿ ಅಂಥದ್ದು ಬೀಳ್ಬಾರ್ದು.”

“ನೀವು... ನೀವು ಓದಿಸ್ಕೊಂಡ್ರಾ?”

“ಒಂಬತ್ತು ಆಯ್ತು. ಎಮ್ಮೆ ಕಥೇಲಿ ಅಳು ಬಂತು ಕಣೋ.”

ಬಾವಿಯ ತಳದಲ್ಲಿ ಕಲ್ಲು ನೀರಿಗೆ ಬಿದ್ದಿತ್ತು. ಆರು ವರ್ಷದಿಂದ ಕಾದಿದ್ದ ಸದ್ದು ಹೀಗೆ ವೀಳ್ಯದೆಲೆ ಅಗಿಯುತ್ತಾ ಬರುತ್ತದೆಂದು ಅವನು ಎಣಿಸಿರಲಿಲ್ಲ. ಅವನು ಜಗಲಿಯ ಅಂಚಿನಲ್ಲಿ ಕೂತ. ಆಮೇಲೆ ಟೀ ಅಂಗಡಿ ನೆನಪಾಯಿತು.

“ಹಂಗಾದ್ರೆ ಆ ಮಾತನ್ನೇ ಪೆಟ್ಟಿಗೇಲಿ ಹಾಕಿಸ್ರಕ್ಕ. ಒಂದೇ ಸಾಲು. ದೀಪ ಹಚ್ಚೋದ್ರೊಳಗೆ.”

“ಥೂ, ಅರ್ಧ ಊಟದಲ್ಲಿ ಎಬ್ಬಿಸಿ ಅಡುಗೆ ಹೆಂಗೈತೆ ಅಂತ ಕೇಳ್ತಾರೇನೋ? ನೂರಾ ನಲವತ್ತಮೂರೂ ಮುಗೀಲಿ, ಹೇಳ್ತೀನಿ. ಓದೇ ಅನಿತ.”

ದೀಪ ಹಚ್ಚುವ ಹೊತ್ತಿಗೆ ಟೀ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

“ಎಷ್ಟು?” ಎಂದ ಶಿವಕುಮಾರ್.

“ಸೊನ್ನೆ. ಆದ್ರೆ ಭಾರತಮ್ಮ ಓದ್ತಿದ್ದಾರೆ.”

“ಅವ್ರಿಗೆ ಅ ಆ ಬರಲ್ಲ ಕಣೋ!” ಅಂಗಡಿ ನಕ್ಕ ನಗೆಗೆ ಗಾಜಿನ ಲೋಟಗಳು ತಾವಾಗಿಯೇ ತೊಳೆದುಕೊಂಡವು.

ಕೊಟ್ಟ ಮಾತು ಕೊಟ್ಟ ಮಾತೇ. ಮುನಿಕೃಷ್ಣ ಫೋನ್ ತೆಗೆದ. ‘ಅಳಿಸಲೇ?’ ಎಂದು ಕೇಳಿತು. ‘ನಿಜವಾಗಿಯೂ?’ ಎಂದು ಇನ್ನೊಮ್ಮೆ ಕೇಳಿತು. ಆರು ವರ್ಷದಲ್ಲಿ ಆ ಬ್ಲಾಗಿನ ಬಗ್ಗೆ ಯಾರಾದರೂ ಇಷ್ಟು ಕಾಳಜಿಯಿಂದ ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿ ಒತ್ತಿದ. ಅವನ ಕೈ ಆವತ್ತು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ನೂರ ನಲವತ್ತಮೂರೂ ಒಂದೇ ಉಸಿರಿಗೆ ಹೋದವು.

ಫೋನ್ ಬಡಿದುಕೊಂಡಿತು. ಎತ್ತುವ ಭರದಲ್ಲಿ ಬೆರಳು ತಗುಲಿ ಸ್ಪೀಕರೂ ಆನ್ ಆಯಿತು.

“ಏನೋ ಮುನಿಕೃಷ್ಣ!” ಭಾರತಮ್ಮನ ದನಿ. “ಇಪ್ಪತ್ತನೇದು ಅರ್ಧಕ್ಕೇ ನಿಂತೋಯ್ತಲ್ಲೋ! ಗದ್ದೆಗೆ ನೀರು ಬಿಡೋ ಆ ನೀರುಗಂಟಿ ಮುನಿಯಲ್ಲಪ್ಪ ಕೆರೆ ತೂಬಿನೊಳಗೆ ಇಳಿದ, ಹಗ್ಗ ಸಡಿಲ ಆಯ್ತು ಅಂತಿದ್ಲು ಅನಿತ, ಅಷ್ಟರಲ್ಲಿ ಪುಟಾನೇ ಇಲ್ಲ ಅಂತದೆ. ಮೇಲೆ ಬಂದ್ನಾ ಇಲ್ವಾ? ಹೇಳು, ಒಲೆ ಮೇಲೆ ಮುದ್ದೆಗೆ ಇಟ್ಟು ಬಂದಿದ್ದೀನಿ!”

ಮುನಿಕೃಷ್ಣ ಹೇಳತೊಡಗಿದ. ಹಗ್ಗ ಸಡಿಲವಾಯಿತು. ದಂಡೆಯ ಮೇಲಿದ್ದವರು ಎಳೆದರು, ಬರಿಯ ಹಗ್ಗ ಬಂತು. ಹೆಂಗಸರು ಎದೆ ಬಡಿದುಕೊಂಡರು. ಊರೆಲ್ಲ ನೀರನ್ನೇ ನೋಡುತ್ತಾ ಗೋಳಾಡುತ್ತಿದ್ದಾಗ, ತೂಬಿನ ಆಚೆ ಬಾಯಿಂದ ಕಾಲುವೆಗೆ ಬಿದ್ದು, ಕೆಸರು ಮೆತ್ತಿಕೊಂಡು ಹಿಂದಿನಿಂದ ಬಂದ ಮುನಿಯಲ್ಲಪ್ಪ ಗುಂಪಿನಲ್ಲಿ ತೂರಿ ನಿಂತು ಕೇಳಿದನಂತೆ: “ಪಾಪ, ಯಾರು ಹೋದ್ರು?”

ಫೋನಿನಲ್ಲಿ ಭಾರತಮ್ಮ ನಕ್ಕು ನಕ್ಕು ಕೆಮ್ಮಿದರು. ಅಂಗಡಿಯಲ್ಲಿ ಯಾರ ಟೀಯೂ ತುಟಿಗೆ ತಾಗಿರಲಿಲ್ಲ. ಆಂಜಿನಪ್ಪನ ಹಾಲು ಉಕ್ಕಿ ಹರಿದು ಒಲೆ ಆರಿದ್ದನ್ನು ಆಂಜಿನಪ್ಪನೇ ನೋಡಿರಲಿಲ್ಲ.

ಶಿವಕುಮಾರ್ ಕಣ್ಣೊರೆಸಿಕೊಂಡು ಮುನಿಕೃಷ್ಣನ ಭುಜದ ಮೇಲೆ ಕೈಯಿಟ್ಟ.

“ಲೇ, ಎಷ್ಟು ಚೆನ್ನಾಗೈತಲ್ಲೋ ಇದು!” ಎಂದ. “ಇಂಥದ್ದನ್ನೆಲ್ಲ ಎಲ್ಲಾದ್ರೂ ಬರ್ದಿಡಬಾರ್ದೇನ್ಲಾ?”