ಕೂರಲೊಲ್ಲದ ಚೂರು

ಬೆಳಿಗ್ಗೆ ಸುಧೀಂದ್ರನ ಮೇಜಿನ ಮೇಲೆ ಉಗುರಿನಷ್ಟು ಗಾಜಿನ ಚೂರೊಂದು ಉಳಿದಿತ್ತು. ತೊಂದರೆ ಶುರುವಾದದ್ದು ಅದರಿಂದಲೇ.

ಕೊಲ್ಲಿ ದೇಶದ ಬುಸೈತೀನಿನ ಶ್ರೀಮಂತರೊಬ್ಬರ ಖಾಸಗಿ ಸಂಗ್ರಹಾಲಯದಲ್ಲಿ ಒಡೆದ ಪುರಾತನ ಗಾಜು, ಮಡಕೆಗಳನ್ನು ಜೋಡಿಸುವುದು ಅವನ ಕೆಲಸ. ಈಗ ಕೈಲಿದ್ದದ್ದು ರೋಮನ್ನರ ಕಾಲದ ಅತ್ತರಿನ ಸೀಸೆ. ಹಸಿರು ಮೈ, ತೀರಾ ಸಪೂರ ಕತ್ತು. ನಿನ್ನೆಯೆಲ್ಲ ಕೂತು ಅಂಟಿಸಿದ್ದ. ಹೊಟ್ಟೆಯಲ್ಲಿ ಒಂದು ತೂತು ಉಳಿದಿತ್ತು, ಅದೇ ಆಕಾರದ ಚೂರೂ ಇತ್ತು. ಆದರೆ ಒಳಗೆ ಹೋಗಲೊಲ್ಲದು! ಪಂಕ್ತಿಗೆ ತಡವಾಗಿ ಬಂದ ನೆಂಟನಿಗೆ ಎಲೆ ಹಾಕಿದ್ದರೂ ಅಕ್ಕಪಕ್ಕದವರು ಮೊಣಕೈ ಸರಿಸದ ಹಾಗೆ. ಅಂಟಿಸುವ ಸರದಿ ಎಲ್ಲೋ ತಪ್ಪಿತ್ತು. ಸಂಜೆಗೆ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ವಿದೇಶಿ ಅತಿಥಿಯೊಬ್ಬರನ್ನು ಕರೆತರುವವರಿದ್ದರು.

"ಎಂತ ಮಾರಾಯ್ರೆ, ಸ್ವಲ್ಪ ಒತ್ತಿದ್ರೆ ಕೂತ್ಕೊಳ್ತದೆ," ಎಂದು ಫೋಟೋಗ್ರಾಫರ್ ಹ್ಯೂಬರ್ಟ್ ಹೆಬ್ಬೆರಳು ಚಾಚಿದ.

"ಮುಟ್ಬೇಡಿ!"

"ಹಾಗಾದ್ರೆ ಖಲ್ಲಿವಲ್ಲಿ, ಬಿಟ್ಟಾಕಿ."

ಉಗ್ರಾಣದ ಜಸೀಲಾ ಇಣುಕಿದಳು. "ಸರ್, ಅಂಚು ಒಂಚೂರು ಉಜ್ಜುವ. ಇಲ್ಲದಿದ್ರೆ ತೂತು ಗೋಡೆ ಕಡೆ ತಿರುಗಿಸಿ ಇಡಿ. ಯಾರಿಗೆ ಗೊತ್ತಾಗ್ತದೆ?"

"ಉಜ್ಜೋದಾ? ಇದೇನು ಅಡುಗೆಮನೆ ಕಟ್ಟೆನೇನ್ರೀ?"

ಬೇರೆ ದಾರಿಯಿರಲಿಲ್ಲ. ಅಂಟು ಕರಗಿಸುವ ಅಸಿಟೋನ್ ತಾಗಿಸಿದ, ನಿನ್ನೆಯ ದುಡಿಮೆಯೆಲ್ಲ ಚೂರುಚೂರಾಗಿ ತಟ್ಟೆಗೆ ಇಳಿಯಿತು. ವಾಸನೆ ಹಿಡಿದು ಜಸೀಲಾ ಮತ್ತೆ ಬಂದಳು. "ನೈಲ್ ಪಾಲಿಷ್ ತೆಗಿಯುವ ನೀರಲ್ವಾ ಸರ್? ನಂಗೂ ಸ್ವಲ್ಪ ಕೊಡಿ." ಹ್ಯೂಬರ್ಟ್ ಮುರಿದ ಕನ್ನಡಕ ತಂದ. "ಹೇಗೂ ಅಂಟು ಬಿಚ್ಚಿದ್ದೀರಿ, ಇದಕ್ಕೂ ಒಂದು ಹನಿ ಹಾಕಿ." ಸುಧೀಂದ್ರ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದ. ಇಬ್ಬರೂ ಹೊರಗಿನಿಂದಲೇ ಸಲಹೆ ಕೊಡತೊಡಗಿದರು.

ಊಟ ಬಿಟ್ಟ. ಮೊದಲು ಆ ಹಟಮಾರಿ ಚೂರು, ಆಮೇಲೆ ಅದರ ಮೇಲೊರಗುವ ಅಕ್ಕಪಕ್ಕದವು. ಸಂಜೆಯಾಗುವಷ್ಟರಲ್ಲಿ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಸೀಸೆ ಮಾತ್ರ ಇಡಿಯಾಗಿ, ಗರ್ವದಿಂದ ನಿಂತಿತ್ತು.

ಮುದೀರ್ ಒಳಬಂದರು, ಹಿಂದೆಯೇ ಅತಿಥಿ. ಸಾಹೇಬರು ಸೀಸೆಯನ್ನು ಸುತ್ತ ನೋಡಿದರು. ಮುಖ ಬಿಳಿಚಿತು.

"ತೂತೆಲ್ಲಿ?" ಎಂದರು ತಮ್ಮ ಅರಬ್ಬಿ ಬೆರೆತ ಹಿಂದಿಯಲ್ಲಿ.

"ಮುಚ್ಚಿದೆ ಸರ್!"

"ಯಾರು ಹೇಳಿದ್ದು ಮುಚ್ಚೋಕೆ? ಹ್ಯೂಬರ್ಟ್ ಬೆಳಿಗ್ಗೆ ಕಳಿಸಿದ ಫೋಟೋದಲ್ಲಿ ಎಂಥ ಒಳ್ಳೆ ತೂತಿತ್ತು! ತಳದಲ್ಲಿ ಒಣಗಿರೋ ಅತ್ತರನ್ನು ಪರೀಕ್ಷೆಗೆ ಕೆರೆದುಕೊಳ್ಳೋಕೇ ಇವರು ಅಷ್ಟು ದೂರದಿಂದ ಬಂದಿರೋದು. ಕತ್ತಿನೊಳಗೆ ಇವರ ಕಡ್ಡಿ ಹೋಗಲ್ಲ. ತೂತಿದೆ, ಧೈರ್ಯವಾಗಿ ಬನ್ನಿ ಅಂದಿದ್ದೆ!"

ಮಧ್ಯಾಹ್ನ ಆ ತಳವಿಡೀ ತೆರೆದುಕೊಂಡು ಸುಧೀಂದ್ರನ ಅಂಗೈಯಲ್ಲಿತ್ತು.

"ಪರವಾಗಿಲ್ಲ," ಮುದೀರ್ ಬೆನ್ನು ತಟ್ಟಿದರು. "ಆ ಒಂದೇ ಒಂದು ಚೂರು ತೆಗೆದುಬಿಡಿ."

ಆ ಒಂದು ಚೂರು ಹೊರಬರಬೇಕಾದರೆ ಅದರ ಮೇಲೆ ಕೂತವರೆಲ್ಲ ಏಳಬೇಕಿತ್ತು.

ಅತಿಥಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ಅವಸರವೇನಿಲ್ಲ," ಎಂದರು ನಗುತ್ತ, "ನಾನು ನೋಡ್ತಾ ಇರ್ತೀನಿ."

ಸುಧೀಂದ್ರ ಹತ್ತಿಯನ್ನು ಅಸಿಟೋನಿಗೆ ಅದ್ದಿದ.