ಶ್ರಾವಣ ಸೋಮವಾರದ ಎರಡು ಗೀಟು

ಫೋನಿನ ಕರೆಂಟ್ ಲೆಕ್ಕದಲ್ಲಿ ಸೋಮವಾರ ಸಂಜೆ ನಾಲ್ಕೂವರೆಯಿಂದ ಐದರವರೆಗಿನ ಹಸಿರು ಗೀಟು ಅಕ್ಕಪಕ್ಕದ ಗೀಟುಗಳಿಗಿಂತ ಒಂದು ಉಗುರಿನಷ್ಟು ಎತ್ತರವಿತ್ತು. ಆ ಉಗುರಿನಷ್ಟು ಎತ್ತರ ನಾನೇ. ಇನ್ನೂ ಖಚಿತವಾಗಿ ಹೇಳಬೇಕೆಂದರೆ ಅದು ನನ್ನ ಎಲೆಕ್ಟ್ರಿಕ್ ಕೆಟಲ್ಲು, ಅದರಲ್ಲಿ ಕುದಿದ ನೀರು, ಆ ನೀರಿನಲ್ಲಿ ಮೆತ್ತಗಾದ ಒಂದು ಪ್ಯಾಕೆಟ್ ನೂಡಲ್ಸು. ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ಸಂಜೆ ಏಳರ ಪೂಜೆ ಮುಗಿಯುವವರೆಗೆ ಒಲೆ ಹಚ್ಚುವಂತಿಲ್ಲ, ಯಾರೂ ಏನೂ ತಿನ್ನುವಂತಿಲ್ಲ. ಇನ್ನೆರಡೂವರೆ ಗಂಟೆ ತಾಳಿಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಗದ್ವಾಲದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಊರು ಮಕ್ತಲ್. ಇಲ್ಲಿ ಗದ್ವಾಲದಲ್ಲಿ ಸೋದರತ್ತೆ-ಮಾವನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಆ ಕೋಣೆಗೆ ಒಳಗಿನಿಂದ ಚಿಲಕವಿದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ವಾಸ್ತು ಇಲ್ಲ. ಊಟವಾಯಿತೇ ಎಂದು ಯಾರಾದರೂ ಪ್ರೀತಿಯಿಂದ ಕೇಳಿದರೂ 'ಇವರಿಗೇಕೆ?' ಅನ್ನಿಸುವ ಸ್ವಭಾವ ನನ್ನದು. ಅಪ್ಪ ಆ ಕೋಣೆಗೆ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಮನೆಯ ನೇಮ ತಪ್ಪಿಸಬಾರದು. ತಪ್ಪಿಸಿದೆನೋ, ಕೆಳಗಿನ ನಡುಮನೆಯಲ್ಲಿ, ಅತ್ತೆಯ ಮಗ್ಗುಲಲ್ಲಿ, ಟಿವಿ ಧಾರಾವಾಹಿಗಳ ಸಮಕ್ಷಮದಲ್ಲಿ ನನ್ನ ಹಾಸಿಗೆ.

ಹಳೆಯ ಮೀಟರು ಸಭ್ಯ ಮೀಟರು. ತಿಂಗಳಿಗೊಮ್ಮೆ ಒಬ್ಬರು ಬಂದು ಓದಿಕೊಂಡು ಹೋಗುತ್ತಿದ್ದರು. ಒಂದು ಓದಿಗೂ ಇನ್ನೊಂದು ಓದಿಗೂ ನಡುವೆ ನಾವು ಏನು ಬೇಯಿಸಿದೆವು, ಯಾವಾಗ ಬೇಯಿಸಿದೆವು ಎಂಬುದು ನಮಗೂ ಶಿವನಿಗೂ ಬಿಟ್ಟ ವಿಷಯ. ಈಗ ದೇಶಕ್ಕೆಲ್ಲ ಹಾಕುತ್ತಿರುವ ಸ್ಮಾರ್ಟ್ ಮೀಟರು ನಮ್ಮ ಓಣಿಗೂ ಬಂದು, ಅರ್ಧ ಗಂಟೆಗೊಂದು ಗೀಟು ಎಳೆದು, ಮರುದಿನ ಅವನ್ನೆಲ್ಲ ಮಾವನ ಫೋನಿನಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಇದನ್ನು ನಾನೇ ತರಗತಿಯಲ್ಲಿ ಹಾಡಿ ಹೊಗಳಿದ್ದೆ. ಯಾವ ಹೊತ್ತಿನಲ್ಲಿ ಎಷ್ಟು ಉರಿಸಿದೆ ಎಂದು ತಿಳಿದರೆ ಗ್ರಾಹಕ ತಾನಾಗಿಯೇ ತಿದ್ದಿಕೊಳ್ಳುತ್ತಾನೆ, ಎಲ್ಲರೂ ಮುಗಿಬೀಳುವ ಹೊತ್ತು ಬಿಟ್ಟು ಬಿಡುವಿನ ಹೊತ್ತಿಗೆ ಸರಿಯುತ್ತಾನೆ, ಮಾರುಕಟ್ಟೆ ಸಮತೋಲಕ್ಕೆ ಬರುತ್ತದೆ ಎಂದಿದ್ದೆ. ವಿದ್ಯಾರ್ಥಿಗಳಿಗೆ ಒಂದು ವಾರ ಹಿಡಿದದ್ದು ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಶೇಂಗಾ ವ್ಯಾಪಾರ ಮಾಡುವ ಮಾವನಿಗೆ ಒಂದು ನಿಮಿಷದಲ್ಲಿ ತಿಳಿಯಿತು. "ಶೇಂಗಾಕ್ಕ ಮುಂಜಾನಿ ಒಂದು ಧಾರಣಿ, ಮಧ್ಯಾಹ್ನ ಒಂದು ಧಾರಣಿ. ಮುಂದ ಕರೆಂಟಿಗೂ ಹಂಗಽ ಆಗ್ತೈತಿ. ಹೌದಿಲ್ಲವ್ವಾ?" ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಮಂಗಳವಾರ ಬೆಳಗಿನವರೆಗೆ ಇತ್ತು.

ಮಂಗಳವಾರ ಮಾವ ಚಹಾ ಆರಲು ಬಿಟ್ಟು ಫೋನನ್ನು ತೋಳುದ್ದ ಹಿಡಿದರು. "ನಿನ್ನೆ ಸಂಜಿತನಕ ಒಲಿ ಹಚ್ಚಿಲ್ಲ. ಮತ್ತ ಇವೆರಡು ಗೀಟು ಯಾಕ ಎದ್ದು ನಿಂತಾವು? ಜವಾಬ್ ಯಾರು ಕೊಡ್ತೀರಿ?"

ಎರಡು! ನನ್ನ ಎದೆ ಒಂದು ಗೀಟಿಗೆ ಸಜ್ಜಾಗಿತ್ತು. ಇಣುಕಿದೆ. ನನ್ನದರ ಎಡಕ್ಕೆ, ಬೆಳಿಗ್ಗೆ ಹನ್ನೊಂದರ ಹತ್ತಿರ, ನನ್ನದರ ಮೂರು ಪಟ್ಟು ಎತ್ತರದ ಇನ್ನೊಂದು. ಆ ಹೊತ್ತಿಗೆ ಮಾವ ಗಂಜಿನಲ್ಲಿ, ನಾನು ಕಾಲೇಜಿನಲ್ಲಿ. ಮನೆಯಲ್ಲಿದ್ದವರು ಒಬ್ಬರೇ.

"ಬಟ್ಟಿ ಮಷೀನ್ ಹಾಕಿದ್ದೆ," ಎಂದರು ಅತ್ತೆ, ಕೊತ್ತಂಬರಿ ಸೋಸುತ್ತ, ತಲೆ ಎತ್ತದೆ. "ನಿಮ್ಮ ಧೋತರ ನೀವಽ ಒಕ್ಕೋತೀರೇನ್ರೀ?"

"ಆತು. ನಾಕೂವರಿದು?"

ಮಾವನ ಕಣ್ಣು ನನ್ನ ಕಡೆ ತಿರುಗಿತು. ಸುಳ್ಳು ಹೇಳಲು ಬಾಯಿ ಬೇಕು. ನನಗೆ ನಿಜ ಹೇಳಲಿಕ್ಕೇ ಬಾಯಿ ಸಾಲದು.

"ಆಕೀನ್ನ ಯಾಕ ನೋಡ್ತೀರಿ?" ಎಂದರು ಅತ್ತೆ. "ಸೀರಿ ಇಸ್ತ್ರಿ ಮಾಡ್ಕೊಂಡಾಳ. ಸುಕ್ಕು ಸೀರಿ ಉಟ್ಕೊಂಡು ಪಾಠ ಹೇಳಾಕ ಹೋಗಬೇಕೇನು?"

ನಾನು ಆಗ ಉಟ್ಟಿದ್ದ ಸೀರೆ ಮುದ್ದೆ ಮಾಡಿ ಇಟ್ಟ ಕಾಗದದಂತಿತ್ತು. ಮೆಲ್ಲಗೆ ಕುರ್ಚಿಯ ಹಿಂದೆ ಸರಿದೆ. ಮಾವ ನಕ್ಕರು. "ನೋಡೂಣು. ಮುಂದಿನ ಸೋಮವಾರನೂ ಈ ಗೀಟು ಎದ್ದುವು ಅಂದ್ರ ನಿಮ್ಮಪ್ಪಗ ಫೋನ್ ಹಚ್ಚತೀನಿ, ಮಗಳ ಇಸ್ತ್ರಿ ಎಷ್ಟು ಚಂದ ಆಗೈತಿ ಬಂದು ನೋಡಪಾ ಅಂತ."

ಅವರು ಗಂಜಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಕೇಳಲಿಲ್ಲ. ಕೇಳದಿರುವುದು ನನ್ನ ಸ್ವಭಾವ. ಅದಕ್ಕೇ ಜನ ನನಗೆ ಎಲ್ಲವನ್ನೂ ಹೇಳಿಬಿಡುತ್ತಾರೆ.

"ನಾಕು ಮಿರ್ಚಿ ಭಜಿ ಕರದಿದ್ದೆ," ಎಂದರು ಅತ್ತೆ. "ಗ್ಯಾಸ್ ಮುಟ್ಟಿಲ್ಲ ಮತ್ತ. ಅದಕ್ಕ ವಿಭೂತಿ ಹಚ್ಚಿದ್ದು ಸಂಜಿತನಕ ಹಂಗಽ ಇತ್ತು. ಇಂಡಕ್ಷನ್ ಮ್ಯಾಲ ಕರದೆ. ಅದರಾಗ ಬೆಂಕಿ ಎಲ್ಲೈತಿ? ಬೆಂಕಿ ಇಲ್ಲ ಅಂದ ಮ್ಯಾಲ ಒಲಿ ಹಚ್ಚಿದಂಗ ಹೆಂಗಾತು? ಶಿವ ಬಂದು ಎಣಸ್ತಾನೇನು?"

"ಶಿವ ಎಣಸಂಗಿಲ್ಲ ಅತ್ತಿ. ಮೀಟರ್ ಎಣಸ್ತೈತಿ."

"ಅದಕ್ಕಽ ಕೇಳ್ತೀನಿ. ಅಷ್ಟು ಓದಿದಾಕಿ ನೀ. ಏನರ ಹಾದಿ ಐತೇನು?"

ಇಲ್ಲಿ ನಾನು ತಲೆ ತಗ್ಗಿಸಬೇಕು. ಎಂ.ಎ. ಮಾಡಿದ ಮೇಲೆ ನನ್ನ ವಿದ್ಯೆ ಯಾರಿಗಾದರೂ ಪ್ರಯೋಜನಕ್ಕೆ ಬಂದದ್ದು ಅದೇ ಮೊದಲು. ಮಾವ ದಿನಾ ಬೆಳಿಗ್ಗೆ ಆರಕ್ಕೆ ಗೀಸರ್ ಹಾಕುತ್ತಾರೆ. ಆಗಿನ ಗೀಟು ತಾನಾಗಿಯೇ ತೆಂಗಿನ ಮರ. ಆ ಅರ್ಧ ಗಂಟೆಯಲ್ಲಿ ನಮ್ಮ ಕೆಟಲ್ಲು, ನಮ್ಮ ಮಿರ್ಚಿ ಎರಡೂ ಸೇರಿದರೆ ಮರ ಇನ್ನಷ್ಟು ಬೆಳೆಯುತ್ತದೆಯೇ ಹೊರತು ಹೊಸದೊಂದು ಗೀಟು ಏಳುವುದಿಲ್ಲ. ಮಾವ ತಮ್ಮ ಸ್ನಾನವನ್ನು ತಾವೇ ತನಿಖೆ ಮಾಡುವುದಿಲ್ಲ. ಹೇಳಿ ಮುಗಿಸಿದಾಗ ಅತ್ತೆ ನನ್ನ ಕೆನ್ನೆ ಸವರಿ, "ಸುಮ್ಮನ ಇರ್ತಿ, ಆದ್ರ ತಲಿ ಐತಿ ನಿಂದು," ಎಂದರು. ಇಡೀ ಗದ್ವಾಲವೇ ನೀರು ಕಾಯಿಸುವ ಹೊತ್ತದು. ಆ ಹೊತ್ತಿನ ಭಾರ ಇಳಿಸಲೆಂದೇ ಈ ಮೀಟರು ಹುಟ್ಟಿದ್ದು, ಅದನ್ನೇ ನಾನು ಪಾಠ ಮಾಡಿದ್ದು. ಈಗ ಎರಡು ನಿರುಪದ್ರವಿ ಉಪಕರಣಗಳನ್ನು ಬಿಡುವಿನ ಹೊತ್ತಿನಿಂದ ಎಬ್ಬಿಸಿ ಕರೆತಂದು ಅದೇ ಹೊತ್ತಿನ ಹೆಗಲೇರಿಸಿದೆ. ವಿದ್ಯುತ್ ಮಾರುಕಟ್ಟೆ ಕಟ್ಟುವ ದೊಡ್ಡವರಿಗೆ ನನ್ನದೊಂದು ಸಣ್ಣ ಅರಿಕೆ: ಜನ ದರಕ್ಕೆ ಹೆದರುತ್ತಾರೆಂದು ಲೆಕ್ಕ ಹಾಕುವಾಗ, ಗಂಡನಿಗೂ ಮಾವನಿಗೂ ಹೆದರುತ್ತಾರೆಂಬುದನ್ನು ಒಂದು ಅಡಿಟಿಪ್ಪಣಿಯಲ್ಲಾದರೂ ಸೇರಿಸಿಕೊಳ್ಳಿ.

ಯಾವ ಯೋಜನೆಗೂ ಒಂದು ಪ್ರಯೋಗ ಬೇಕಲ್ಲ. ಮರುದಿನ ಬುಧವಾರ; ನೇಮವಿಲ್ಲ, ಉಪವಾಸವಿಲ್ಲ, ಕೆಳಗೆ ಬಿಸಿ ರೊಟ್ಟಿ ಆಗುವುದರಲ್ಲಿತ್ತು. ಬೆಳಿಗ್ಗೆ ಆರಕ್ಕೆ ಗೀಸರಿನ ಕೆಂಪು ದೀಪ ಹತ್ತಿದ್ದನ್ನು ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, ಕೋಣೆಗೆ ಓಡಿ, ಚಿಲಕ ಹಾಕಿ, ಕೆಟಲ್ ಒತ್ತಿದೆ. ಯಾರೂ ಬೇಡವೆನ್ನದ ದಿನ, ಹಸಿವೆಯೂ ಇಲ್ಲದೆ, ಉಸಿರು ಬಿಗಿಹಿಡಿದು ಒಂದು ಪ್ಯಾಕೆಟ್ ನೂಡಲ್ಸನ್ನು ಕದ್ದು ತಿಂದೆ. ಏನೇನೂ ರುಚಿ ಇರಲಿಲ್ಲ.