ಎರೆಮಣ್ಣಿಗೆ ಪೆಟ್ರೋಲು ಮೇಲೋ ಡೀಸೆಲ್ಲು ಮೇಲೋ

ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಒಮ್ಮೆ ತಲೆ ಹೊಕ್ಕಿತೆಂದರೆ, ಅದು ಇತ್ಯರ್ಥವಾಗುವ ತನಕ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಕಾಯಿಲೆಗಳ ವಿಷಯ ಅವಳಿಗಿಂತ ನಾನೇ ಹೆಚ್ಚು ಬಲ್ಲೆ, ಆದರೆ ನನ್ನ ಓದೆಲ್ಲ ನಾಲ್ಕು ಕಾಲಿನವರ ಕಾಯಿಲೆಗೆ ಸಂಬಂಧಿಸಿದ್ದು. ನಾನು ಸೇಡಂನಲ್ಲಿ ದನದ ಡಾಕ್ಟರು. ಹಿಂದೊಮ್ಮೆ ತೊಗರಿಬೇಳೆ ಕುಕ್ಕರಿನಲ್ಲಿ ಬೆಂದರೆ ರುಚಿಯೋ, ಪಾತ್ರೆಯಲ್ಲಿ ಬೆಂದರೆ ರುಚಿಯೋ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೆಷ್ಟು ಹೊತ್ತು ವಿಚಾರ ಮಾಡಿದೆನೆಂದರೆ, ಅವಳು ಬೇಳೆ ತೊಳೆಯುವುದನ್ನೇ ಬಿಟ್ಟು ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ, ಮೊಸರು ಹಾಕಿ ತಾಟನ್ನು ಮುಂದೆ ತಳ್ಳಿದಳು.

ಇಂಥವನ ಕೈಗೆ ಒಂದು ಹಳೆಯ ಪೆಟ್ರೋಲ್ ಜೀಪು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ನಮ್ಮ ಕಡೆ ಡಾಂಬರು ರಸ್ತೆಯಿಂದ ಇಳಿದು ಹಳ್ಳಿಗೆ ಹೋಗುವ ದಾರಿಗಳಲ್ಲಿ ಹೆಚ್ಚಿನವು ಎರೆಮಣ್ಣಿನವು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ನೆಲ, ಒಂದು ಮಳೆ ಬಿದ್ದರೆ ಸಾಕು, ಇಟ್ಟ ಕಾಲನ್ನು ವಾಪಸು ಕೊಡುವುದಿಲ್ಲ. ಒಂದು ಮಳೆಗಾಲ ಹಳ್ಳ ದಾಟುವಾಗ ನೀರು ಸಿಡಿದು ನನ್ನ ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕೆಸರಿಗೆ ಪೆಟ್ರೋಲು ಮೇಲೋ ಡೀಸೆಲ್ಲು ಮೇಲೋ ಎಂಬ ಪ್ರಶ್ನೆ ಹುಟ್ಟಿದ್ದು ಆ ಹಳ್ಳದ ನಡುವೆ.

ವಾಡಿಯಲ್ಲಿ ನನ್ನ ಅಕ್ಕನ ಗಂಡ ಸಿದ್ರಾಮ ಮಾಮಾ ಇದ್ದಾರೆ, ರೈಲ್ವೆಯಲ್ಲಿ ಡೀಸೆಲ್ ಇಂಜಿನ್ನು ಓಡಿಸಿ ನಿವೃತ್ತರಾದವರು. “ನೋಡಪಾ, ಡೀಸೆಲ್ ಅಂದ್ರ ಎತ್ತಿನಂಗ. ಗಡಬಡಿ ಇಲ್ಲ. ಸಾವಕಾಶ ಎಳೀತದ, ಆದ್ರ ಎಳೀತದ. ಅದಕ್ಕ ಕಿಡಿ ಬೇಕಾಗಿಲ್ಲ, ನೀರ್ ಬಿದ್ರೂ ಅಂಜಂಗಿಲ್ಲ” ಎಂದರು. ಮಾಮಾ ಜೀವಮಾನವೆಲ್ಲ ಇಂಜಿನ್ನು ಓಡಿಸಿದ್ದು ಕಬ್ಬಿಣದ ಹಳಿಯ ಮೇಲೆ, ಅಲ್ಲಿ ಕೆಸರೆಲ್ಲಿಂದ ಬಂತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಶಹಾಬಾದಿನ ಮೆಕ್ಯಾನಿಕ್ ಮೆಹಬೂಬಣ್ಣ ತಲೆ ಅಲ್ಲಾಡಿಸಿದ. “ಡೀಸೆಲ್ ಇಂಜಿನ್ ವಜನ್ ಭಾಳ ಇರ್ತದ ಸಾಹೇಬ್ರ. ಮೂತಿ ಭಾರ ಆತಂದ್ರ ಕೆಸರಾಗ ಮೊದಲು ಮೂತಿನೇ ಇಳೀತದ. ಪೆಟ್ರೋಲ್ ಹಗುರ. ಗಾಲಿ ಜೋರ್ ತಿರಗಿ ಕೆಸರು ಒಗದ್ ಬಿಡ್ತದ.” ಚಿತ್ತಾಪುರದ ಚಹಾದಂಗಡಿಯಲ್ಲಿ ಕೇಳಿದರೆ ಅಲ್ಲಿ ಎರಡು ಪಕ್ಷಗಳಾಗಿ ಜಗಳ ಹತ್ತಿ, ನನ್ನ ಚಹಾ ಆರಿಹೋಯಿತು. ನಾಲ್ಕಾರು ತಿಂಗಳು ಹೀಗೆ ಚಡಪಡಿಸಿ, ಕೊನೆಗೆ ಮೆಹಬೂಬಣ್ಣನ ಕೈಯಿಂದಲೇ ಡೀಸೆಲ್ ಇಂಜಿನ್ನು ಕೂರಿಸಿಕೊಂಡೆ. “ಆಮ್ಯಾಲ ನನಗ ಅನಬ್ಯಾಡ್ರಿ” ಎಂದಷ್ಟೇ ಅವನು ಹೇಳಿದ. ಆ ಸಂಭ್ರಮದಲ್ಲಿ ನಾಲ್ಕೂ ಗಾಲಿಗೆ ಹೊಸ ಮಡಗಾರ್ಡು ಹಾಕಿಸಿದೆ. ಗಾಲಿಗೆ ಎಷ್ಟು ಒತ್ತಾಗಿ ಕೂತಿವೆ ನೋಡಿ ಎಂದು ಹೆಂಡತಿಗೆ ತೋರಿಸಿದೆ ಕೂಡ.

ಮುಂದಿನ ಮಳೆಗಾಲ ಬಂತು. ಎರಡು ದಿನ ಜಡಿಮಳೆ ಹಿಡಿದು, ಮೂರನೆಯ ದಿನ ಬೆಳಿಗ್ಗೆ ನಮ್ಮ ತಾಲ್ಲೂಕಿನದೇ ಮುಧೋಳದ ಕಡೆಯ ಒಂದು ಹಳ್ಳಿಯಿಂದ ತಿಪ್ಪಮ್ಮ ಫೋನು ಮಾಡಿದಳು. ಅವಳು ಒಂದೇ ಎಮ್ಮೆಯ ಹಾಲು ಹಾಕಿ ಮನೆ ನಡೆಸುವವಳು. “ಸಾಹೇಬ್ರ, ಎಮ್ಮಿ ಈಯ್ಲಿಕತ್ತದರಿ. ಕರದ ಒಂದ್ ಕಾಲ್ ಹೊರಗ ಬಂದಾದ, ಮುಂದ ಬರವಲ್ದು. ಜಲ್ದಿ ಬರ್ರಿ.” ಕರು ಒಳಗೆ ಕತ್ತು ತಿರುಗಿಸಿಕೊಂಡಿರಬೇಕು ಎಂದುಕೊಂಡೆ. ಇಂಥದರಲ್ಲಿ ತಡವಾದರೆ ಕರು ಹೋಗುತ್ತದೆ, ಇನ್ನೂ ತಡವಾದರೆ ತಾಯಿಯೂ ಹೋಗುತ್ತದೆ. “ಈಗ ಡೀಸೆಲ್ ಅದವ್ವಾ, ಇಕಾ ಬಂದೆ” ಎಂದೆ.

ಡಾಂಬರು ಬಿಟ್ಟು ಅರ್ಧ ದಾರಿ ಬಂದಿರಬೇಕು, ಜೀಪು ನಿಂತಿತು. ಇಂಜಿನ್ನು ಭೇಷಾಗಿ ಗುಡುಗುತ್ತಿತ್ತು, ಗಾಲಿ ಮಾತ್ರ ತಿರುಗಲೊಲ್ಲದು. ಊರಿನ ಬೇವಿನ ಮರ ಎದುರಿಗೇ ಕಾಣುತ್ತಿತ್ತು, ನಡೆದರೆ ಇಪ್ಪತ್ತು ನಿಮಿಷ. ನಾನು ನಡೆಯಲಿಲ್ಲ. ಮಾಮಾಗೆ ಫೋನು ಮಾಡಿದೆ. “ಫಸ್ಟ್ ಗೇರಿನ್ಯಾಗ ಸಾವಕಾಶ ಬಿಡು” ಎಂದರು. ಬಿಟ್ಟೆ, ಮೂತಿ ಒಂದು ಗೇಣು ಇಳಿಯಿತು. ಮೆಹಬೂಬಣ್ಣನನ್ನೂ ಅದೇ ಫೋನಿಗೆ ಸೇರಿಸಿಕೊಂಡೆ. “ನಾ ಅಂದಿದ್ದಿಲ್ಲೇನ್ರಿ?” ಎಂದು ಅವನು, “ಓಡ್ಸೋರಿಗೆ ಗೊತ್ತಿರ್ಬೇಕಪಾ” ಎಂದು ಮಾಮಾ, ನನ್ನ ಕಿವಿಯಲ್ಲಿ ಕುಸ್ತಿ ಶುರುವಾಯಿತು. ಸುಳ್ಳೇಕೆ ಹೇಳಲಿ, ವಾದ ಸ್ವಾರಸ್ಯವಾಗಿತ್ತು. ನಡುನಡುವೆ ಇನ್ನೊಂದು ಕರೆ ಬರುತ್ತಿರುವ ಸದ್ದು ಟುಂಯ್ ಟುಂಯ್ ಎನ್ನುತ್ತಿತ್ತು. ತಾಳು, ಇದೊಂದು ಮುಗಿಯಲಿ ಎಂದುಕೊಂಡೆ.

ತಲೆಯೆತ್ತಿದಾಗ ತಿಪ್ಪಮ್ಮ ಜೀಪಿನ ಮುಂದೆ ನಿಂತಿದ್ದಳು. ಸೀರೆ ಎತ್ತಿ ಕಟ್ಟಿದ್ದಳು, ಮೊಳಕಾಲಿನ ತನಕ ಕೆಸರು. ಎಮ್ಮೆಯ ಹತ್ತಿರ ಓರಗಿತ್ತಿಯನ್ನು ಕೂರಿಸಿ ನಡೆದು ಬಂದಿದ್ದಳು.

“ನಾಕ್ ಸಲ ಫೋನ್ ಹಚ್ಚೀನ್ರಿ. ಯಾರ್ ಸಂಗಾಟ ಮಾತಾಡ್ಲಿಕತ್ತಿದ್ರಿ?”

ಫೋನನ್ನು ಜೇಬಿಗೆ ತುರುಕಿ ಕೆಳಗಿಳಿದೆ. ಅವಳು ಬಗ್ಗಿ ಮುಂದಿನ ಗಾಲಿ ನೋಡಿದಳು. ಗಾಲಿಗೂ ಮಡಗಾರ್ಡಿಗೂ ನಡುವೆ ಎರೆಮಣ್ಣು ಗಾರೆ ಮೆತ್ತಿದಂತೆ ಗಟ್ಟಿಯಾಗಿ ತುಂಬಿತ್ತು.

“ಯವ್ವಾ, ಇದು ಬಿಚ್ಚಿ ಇಟ್ಟಿಲ್ಲೇನ್ರಿ? ನಮ್ಮೂರಾಗ ಮಳಿ ಹತ್ತಿತಂದ್ರ ಸೈಕಲ್‌ದವ್ರೂ ಮಡಗಾರ್ಡ್ ಬಿಚ್ಚಿ ಮನ್ಯಾಗ ಇಡ್ತಾರ. ಇರ್ಲಿ, ಬೂಟ್ ಬಿಚ್ರಿ. ಚೀಲ ಇಲ್ಲಿ ಕೊಡ್ರಿ.”

ಚೀಲವನ್ನು ತಲೆಯ ಮೇಲಿಟ್ಟುಕೊಂಡು ಅವಳು ಮುಂದೆ ನಡೆದಳು. ಬರಿಗಾಲಲ್ಲಿ ನಾನು ಹಿಂದೆ. ಅವಳ ಹೆಜ್ಜೆ ಇದ್ದಲ್ಲೇ ಹೆಜ್ಜೆ ಇಡಬೇಕೆಂದು ಎರಡು ಸಲ ಬಿದ್ದ ಮೇಲೆ ಗೊತ್ತಾಯಿತು. ದಾರಿಯಲ್ಲಿ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಇಪ್ಪತ್ತು ನಿಮಿಷದಲ್ಲಿ ನನಗಾದಷ್ಟು ನಾಚಿಕೆ, ಹೆದರಿಕೆ ಪರೀಕ್ಷೆಯ ಕೋಣೆಯಲ್ಲೂ ಆಗಿರಲಿಲ್ಲ.

ಎಮ್ಮೆ ಸೋತು ಮಲಗಿಬಿಟ್ಟಿತ್ತು. ಹೊರಬಂದ ಕಾಲನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಕೈ ಹಾಕಿ, ತಿರುಗಿದ ಕತ್ತನ್ನು ಹುಡುಕಿ ನೇರ ಮಾಡುವಷ್ಟರಲ್ಲಿ ನನ್ನ ತೋಳು ಮರಗಟ್ಟಿತು. ಹೊರಗೆಳೆದ ಕರು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಮೂಗಿನ ಲೋಳೆ ತೆಗೆದೆ, ಹುಲ್ಲಿನಿಂದ ಎದೆ ಉಜ್ಜಿದೆ. ಉಸಿರಿಲ್ಲ. ತಿಪ್ಪಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತು, “ಏಳವ್ವಾ, ಏಳ” ಎನ್ನುತ್ತ ಉಜ್ಜತೊಡಗಿದಳು. ಇಬ್ಬರೂ ಸೇರಿ ಎಷ್ಟು ಉಜ್ಜಿದೆವೋ ಏನೋ, ಕರು ಒಮ್ಮೆ ಸೀನಿತು. ನನ್ನ ಕಣ್ಣಲ್ಲಿ ನೀರು ಬಂತು. ಹುಲ್ಲಿನ ಧೂಳು ಎಂದು ಹೇಳಿದೆ.

ಅಷ್ಟರಲ್ಲಿ ಓಣಿಯವರೆಲ್ಲ ಕೂಡಿದ್ದರು. ಡಾಕ್ಟರು ಹೇಗೆ ಎಂದು ಯಾರೋ ಮುದುಕಿ ಕೇಳಿದಳು. ನನಗೆ ಕೇಳಿಸುವಂತೆಯೇ ತಿಪ್ಪಮ್ಮ ಹೇಳಿದಳು: “ಕೈಗುಣ ಭಾಳ ಚೊಲೋ ಅದ ಬೇ. ಆದ್ರ ಹೋಗಿ ಕರ್ಕೊಂಡ್ ಬರಬೇಕಾಗ್ತದ.”

ಇಂಜಿನ್ನಿನ ತೂಕದ ವಿಷಯ ವಿವರಿಸೋಣವೆಂದು ಬಾಯಿ ತೆರೆದೆ. ಅವಳು ಬಿಸಿನೀರಿನ ತಂಬಿಗೆ ಮುಂದೆ ಹಿಡಿದು, “ಮೊದಲ ಕಾಲ್ ತೊಳಕೋರಿ” ಎಂದಳು. ತೊಳೆದುಕೊಂಡೆ.

ನೆಲ ಒಣಗುವ ತನಕ, ಅಂದರೆ ಐದು ದಿನ, ಜೀಪು ಅಲ್ಲೇ ನಿಂತಿತ್ತು. ಅಷ್ಟು ದಿನ ಸಾಕಲ್ಲ, ಮಾತು ಊರೂರಿಗೆ ನಡೆದುಕೊಂಡೇ ಹೋಯಿತು. ಈಗ ಯಾವ ಹಳ್ಳಿಯಿಂದ ಕರೆ ಬಂದರೂ ದನಕ್ಕೆ ಏನಾಗಿದೆ ಎಂದು ಹೇಳುವ ಮೊದಲು ಒಂದು ಮಾತು ಕೇಳುತ್ತಾರೆ, ಭಾಳ ಗೌರವದಿಂದಲೇ ಕೇಳುತ್ತಾರೆ: “ಸಾಹೇಬ್ರ, ನೀವಾ ಬರ್ತೀರೋ, ನಾವಾ ಕರೀಲಿಕ್ಕ ಬರಬೇಕೋ?”